ಮಿಂಚುಳ್ಳಿ ತಿದ್ದಿದ ಪುಟ

ನಾನು ಬಾಯಿ ತೆರೆದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂಬುದು ನನ್ನ ಸಣ್ಣ ಹೆದರಿಕೆ. ದಿನಚರಿಗೆ ಬಿಟ್ಟು ಬೇರೆ ಯಾರಿಗೂ ಅದನ್ನು ಹೇಳಿರಲಿಲ್ಲ. ಡಿಗ್ರಿ ಮುಗಿದ ಮೇಲೆ ನಾನು ಹಿಡಿದ ಕೆಲಸವೂ ಮಾತು ಬೇಡದ್ದೇ: ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶಗಳ ಕನ್ನಡ ಕೈಪಿಡಿಗಳಲ್ಲಿ ಅಕ್ಷರ ತಪ್ಪು ತಿದ್ದುವುದು. ಅಲ್ಲಿ ನಾನು ಗೌತಮಿ ಅಲ್ಲ, ಮಿಂಚುಳ್ಳಿ. ಆ ಮಿಂಚುಳ್ಳಿ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮನಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ದೊಡ್ಡಮ್ಮ ವೆಂಕಟಲಕ್ಷ್ಮಿ ಕೋರ್ಟಿನಲ್ಲಿ ಭಾಷಾಂತರಕಾರರಾಗಿದ್ದು ನಿವೃತ್ತರಾದವರು. ಕನ್ನಡ, ತುಳು, ಮಲಯಾಳ ಮೂರರಲ್ಲೂ ಸುಳ್ಳು ಕೇಳಿ ಅವರ ಕಿವಿ ಪಳಗಿತ್ತು. ಸ್ಟೇಷನ್ ಮೆಟ್ಟಿಲು ಹತ್ತಲು ಮನಸ್ಸಿಲ್ಲದವರು ನೆಕ್ರಾಜೆಯ ನಮ್ಮ ಜಗಲಿಗೆ ಬರುತ್ತಿದ್ದರು.

ಆ ಬೆಳಿಗ್ಗೆ ನಾನು ದೊಡ್ಡಮ್ಮನ ಲೇಖನವೊಂದರ ಕರಡು ತಿದ್ದುತ್ತಿದ್ದೆ, ಕೊನೆಯ ಸಾಲಿನಿಂದ ಮೇಲಕ್ಕೆ. ಮೇಲಿನಿಂದ ಓದಿದರೆ ಅರ್ಥ ಎಳೆದುಕೊಂಡು ಹೋಗುತ್ತದೆ, ಕಣ್ಣು ತಪ್ಪನ್ನು ದಾಟಿಬಿಡುತ್ತದೆ. ದೊಡ್ಡಮ್ಮ ನನ್ನ ಬೆರಳನ್ನೇ ನೋಡುತ್ತಿದ್ದರು. ಆಗ ದಮಯಂತಿಯಕ್ಕ ಅಂಗಳದಲ್ಲಿ ಬಂದು ನಿಂತರು.

ಅವರ ಗಂಡ ಹೊನ್ನಯ್ಯ ಬೆಳ್ಳೂರಿನ ಕುಡಿಯುವ ನೀರಿನ ಯೋಜನೆಯ ಪಂಪು ನೋಡಿಕೊಳ್ಳುವವರು. ಮೂರು ದಿನದ ಹಿಂದೆ ಪಂಪ್‌ಹೌಸಿನೊಳಗೆ ವಿಷಗಾಳಿ ಕುಡಿದು ಬಿದ್ದಿದ್ದರು. ಇನ್ನೂ ಎಚ್ಚರ ಬಂದಿರಲಿಲ್ಲ. ಬ್ಲೀಚಿಂಗ್ ದ್ರಾವಣ ತುಂಬಿದ್ದ ಟ್ಯಾಂಕಿಗೆ ತೊಳೆಯುವ ಆಸಿಡ್ ಹೊಯ್ದಿದ್ದರಂತೆ. ದ್ರಾವಣವನ್ನು ಅಳೆದು ನೀರಿಗೆ ಬಿಡುವ ಯಂತ್ರ ಒಂದು ಮುಕ್ತ ತಂತ್ರಾಂಶದಿಂದ ನಡೆಯುತ್ತದೆ. ಟ್ಯಾಂಕಿ ಖಾಲಿ ಮಾಡಿ, ನೀರಿನಿಂದ ತೊಳೆದು, ಆಮೇಲೆ ಆಸಿಡ್ ಹಾಕಬೇಕೆಂದು ಅದರ ಕೈಪಿಡಿಯಲ್ಲಿ ಇತ್ತು. ಆದರೆ ಅಪಘಾತದ ಮಧ್ಯಾಹ್ನ, ಆಂಬುಲೆನ್ಸಿಗೆ ಕರೆ ಹೋಗುವ ಸ್ವಲ್ಪ ಮೊದಲು, ಅಕ್ಷರ ತಪ್ಪು ತಿದ್ದುವ ನೆಪದಲ್ಲಿ ಯಾರೋ ಆ ಪುಟದಲ್ಲಿ ನಾಲ್ಕೈದು ಕಡೆ ಕೈಯಾಡಿಸಿ, ನಡುವೆ ಖಾಲಿ ಮಾಡಿ ತೊಳೆಯುವ ಆ ಸಾಲನ್ನೇ ಅಳಿಸಿದ್ದರು.

"ಮಿಂಚುಳ್ಳಿ ಅಂತ ಹೆಸರುಂಟಂತೆ," ಎಂದರು ದಮಯಂತಿಯಕ್ಕ. "ಅದರ ಮೇಲೆ ಕೇಸು ಹಾಕ್ತಾರಂತೆ. ಹಾಕಲಿ. ಆದ್ರೆ ನಮ್ಮವರು ಎಂತದ್ದೂ ಓದಿ ಮಾಡುವ ಜನ ಅಲ್ಲ ಅಮ್ಮ. ಹೇಳಿದ್ದನ್ನು ಮಾಡುವ ಜನ."

ನನ್ನ ಕೈಯ ಪೆನ್ಸಿಲು ಕೆಳಗೆ ಬಿತ್ತು. ದೊಡ್ಡಮ್ಮ ಅದನ್ನು ಹೆಕ್ಕಿಕೊಟ್ಟರು, ನನ್ನ ಮುಖ ನೋಡಲಿಲ್ಲ.

ದೊಡ್ಡಮ್ಮನ ಜೊತೆ ಬೆಳ್ಳೂರಿಗೆ ಬಸ್ಸಿನಲ್ಲಿ ಹೋಗುವಾಗ ಆ ದಿನವನ್ನೇ ನೆನೆಯುತ್ತಿದ್ದೆ. ಅಪಘಾತದ ದಿನ ಬೆಳಿಗ್ಗೆ ಬೆಳ್ಳೂರಿನ ವಾಚನಾಲಯದ ಕಂಪ್ಯೂಟರಿನ ಎದುರು ಕೂತಿದ್ದವಳು ನಾನೇ. ಮಧ್ಯಾಹ್ನದ ಬಸ್ಸಿನ ಹಾರ್ನ್ ಕೇಳಿ, ಮಿಂಚುಳ್ಳಿಯ ಖಾತೆ ಮುಚ್ಚದೆ ಓಡಿದ್ದೆ. ಕೈಪಿಡಿಗೆ ಯಾರು ಏನು ಸೇರಿಸಿದರೂ ಇನ್ನೊಬ್ಬರು ಓದಿ ಒಪ್ಪಬೇಕು. ಅಕ್ಷರ ತಪ್ಪಿನ ತಿದ್ದುಪಡಿಗೆ ಮಾತ್ರ ಆ ಕಾವಲಿಲ್ಲ. ಯಾರು ತಾನೇ ಒಂದು ದೀರ್ಘವನ್ನು ಅನುಮಾನಿಸುತ್ತಾರೆ?

ವಾಚನಾಲಯದ ಹಿಂದೆಯೇ ಪಂಪ್‌ಹೌಸು. ಬಾಗಿಲು ಹಾರು ಹೊಡೆದಿತ್ತು, ಆದರೂ ಗಂಟಲು ಕೆರೆಯುವ ವಾಸನೆ ಗೋಡೆಯಿಂದಲೇ ಬರುತ್ತಿತ್ತು. ಪಕ್ಕದ ಬಸಳೆ ಚಪ್ಪರ ಸುಟ್ಟಂತೆ ಬಾಡಿ ನಿಂತಿತ್ತು. ಯಂತ್ರ ಜೋಡಿಸಿದ ವಿಜೇತ್ ಅಲ್ಲೇ ಸಿಕ್ಕಿದ. ಹೊನ್ನಯ್ಯರನ್ನು ಮೊದಲು ಕಂಡವನೂ, ಆಸ್ಪತ್ರೆಗೆ ಜೊತೆಯಲ್ಲಿ ಹೋದವನೂ ಅವನೇ. ಬಾಗಿಲು ತೆರೆದೆ, ಚೆಲ್ಲಿದ್ದ ದ್ರಾವಣದಲ್ಲಿ ಮೊಣಕಾಲೂರಿ ಅವರನ್ನು ಹೊರಗೆಳೆದೆ, ಕೂಡಲೇ ಫೋನ್ ಮಾಡಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅವನ ಕಣ್ಣು ಇನ್ನೂ ಕೆಂಪಗಿತ್ತು. ನನಗೆ ಪಾಪ ಅನ್ನಿಸಿತು.

ವಾಚನಾಲಯದ ಪ್ರೇಮಾವತಿ ಟೀಚರಿಗೆ ಬೇರೆಯೇ ದೂರು. ಆ ದಿನ ಅವರು ಬಾಗಿಲು ಒರಗಿಸಿ ಊಟಕ್ಕೆ ಹೋಗಿದ್ದರು; ತಿರುಗಿ ಬರುವಾಗ ಆಂಬುಲೆನ್ಸ್ ಹೊರಡುತ್ತಿತ್ತು. ಗಾಬರಿಯಲ್ಲಿ ಬೀಗ ಹಾಕಿ ಅದರ ಹಿಂದೆಯೇ ಹೋದರು. ಮರುದಿನ ನೋಡಿದರೆ ಕಂಪ್ಯೂಟರಿನ ಎದುರಿನ ಕುರ್ಚಿಯ ಕುಂಕುಮ ಬಣ್ಣದ ದಿಂಬು ಹಾಳಾಗಿತ್ತು.

"ಹೊಸ ದಿಂಬು ಮಾರಾಯ್ತಿ, ಬೆಳಿಗ್ಗೆ ನಾನೇ ಹಾಕಿದ್ದು," ಎಂದು ತೋರಿಸಿದರು. ದಿಂಬಿನ ಮುಂದಿನ ಅಂಚಿನಲ್ಲಿ ಬಣ್ಣ ಹೋಗಿ, ಎರಡು ಬಿಳಿ ಕಲೆಗಳು ಸತ್ತ ಕಣ್ಣುಗಳಂತೆ ಕಾಣುತ್ತಿದ್ದವು.

ದೊಡ್ಡಮ್ಮ ದಿಂಬನ್ನು ಮೂಸಿದರು. ಆಮೇಲೆ ನನ್ನಿಂದ ಮಿಂಚುಳ್ಳಿಯ ತಿದ್ದುಪಡಿಗಳ ಚರಿತ್ರೆ ತೆರೆಸಿದರು. ಒಂದೊಂದು ತಿದ್ದುಪಡಿಯೂ ಮಾಡಿದ ಕ್ರಮದಲ್ಲೇ ಅಲ್ಲಿ ಉಳಿಯುತ್ತದೆ. ನೋಡಿಯಾದ ಮೇಲೆ, ನೀರಿನ ಯೋಜನೆಯ ಸಮಿತಿಯವರನ್ನು ಸಂಜೆ ಇಲ್ಲಿಗೇ ಕರೆಯಿರಿ ಎಂದು ಟೀಚರಿಗೆ ಹೇಳಿದರು.

ಸಂಜೆ ಸಮಿತಿಯ ಅಧ್ಯಕ್ಷ ಜಯಪಾಲ, ಪ್ರೇಮಾವತಿ ಟೀಚರ್, ವಿಜೇತ್, ದಮಯಂತಿಯಕ್ಕ ಬಂದು ಕೂತರು. ನಾನು ಮೂಲೆಯ ಬೆಂಚಿನಲ್ಲಿದ್ದೆ. ಜಯಪಾಲ ಪೊಲೀಸರಿಗೆ ಕೊಡುವ ದೂರನ್ನು ಬರೆಸಿಯೇ ತಂದಿದ್ದರು.

"ಪುಟ ಬದಲಾಯಿತು, ಹೊನ್ನಯ್ಯ ಓದಿದರು, ಬಿದ್ದರು ಅಂತ ನಿಮ್ಮ ಲೆಕ್ಕ," ಎಂದರು ದೊಡ್ಡಮ್ಮ. "ಹೊನ್ನಯ್ಯ ಓದಿ ಮಾಡುವವರಲ್ಲ. ಹಾಗಾದರೆ ಆ ಪುಟ ಅವರಿಗಾಗಿ ಬದಲಾದದ್ದಲ್ಲ, ಆಮೇಲೆ ಹುಡುಕಿ ನೋಡುವ ನಮಗಾಗಿ."

ದಿಂಬನ್ನು ಮೇಜಿನ ಮೇಲಿಟ್ಟು ಅವರು ಮುಂದುವರಿಸಿದರು. ಬ್ಲೀಚಿಂಗ್ ದ್ರಾವಣ ತಾಗಿದರೆ ಬಣ್ಣ ಹೀಗೆ ಹೋಗುತ್ತದೆ. ಟೀಚರ್ ಊಟಕ್ಕೆ ಹೋದ ಮೇಲೆ, ಆಂಬುಲೆನ್ಸ್ ಹೊರಡುವ ಮೊದಲು, ಎರಡೂ ಮೊಣಕಾಲಿನ ಹತ್ತಿರ ಒದ್ದೆಯಾದ ಬಟ್ಟೆಯಲ್ಲಿ ಒಬ್ಬರು ಈ ಕುರ್ಚಿಯಲ್ಲಿ ಕೂತಿದ್ದಾರೆ. ಅಷ್ಟರಲ್ಲಿ ಪಂಪ್‌ಹೌಸಿನೊಳಗೆ ಹೋಗಿ ಬಂದವನು ಒಬ್ಬನೇ. ಖಾಲಿ ಮಾಡುವುದು ಬೇಡ, ಹಾಗೇ ಹೊಯ್ದುಬಿಡು ಎಂದು ಹೊನ್ನಯ್ಯರಿಗೆ ಹೇಳಿದವನೂ ಅವನೇ ಇರಬೇಕು. ಇಲ್ಲದಿದ್ದರೆ ಆ ಒಂದು ಸಾಲನ್ನು ಅಳಿಸುವ ಅಗತ್ಯ ಅವನಿಗೆ ಎಂತದ್ದು?

"ಪುಟ ತಿದ್ದಿಯಾದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ್ದು," ಎಂದರು ದೊಡ್ಡಮ್ಮ.

ಹಿಂದಿನ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ದಮಯಂತಿಯಕ್ಕ ನಿಧಾನವಾಗಿ ಕೇಳಿದರು: "ಅವರು ಅಲ್ಲಿ ಬಿದ್ದಿರುವಾಗ ನೀನು ಇಲ್ಲಿ ಕೂತು ಟೈಪ್ ಮಾಡಿದ್ದಾ ವಿಜೇತಾ?"

ವಿಜೇತನ ಮುಖ ಬಿಳುಚಿತು, ಆದರೆ ದನಿ ಗಟ್ಟಿಯಾಗಿತ್ತು. ಬಾಯಾರಿ ನೀರು ಕುಡಿಯಲು ಬಂದು ಒಂದು ಗಳಿಗೆ ಕೂತಿರಬಹುದು ಎಂದ. "ಪುಟದಲ್ಲಿ ಇರುವುದು ನನ್ನ ಹೆಸರಲ್ಲ. ಮಿಂಚುಳ್ಳಿಯದ್ದು."

"ಮಿಂಚುಳ್ಳಿಯ ಹಳೆಯ ತಿದ್ದುಪಡಿಗಳನ್ನೆಲ್ಲ ನೋಡಿದೆ," ಎಂದರು ದೊಡ್ಡಮ್ಮ. "ಪ್ರತಿ ಪುಟದಲ್ಲೂ ಕೊನೆಯ ಸಾಲಿನಿಂದ ಮೇಲಕ್ಕೆ ಹೋಗುತ್ತವೆ. ಈ ಒಂದು ಪುಟ ಮಾತ್ರ ಮೇಲಿನಿಂದ ಕೆಳಕ್ಕೆ."

"ಅದು ಆ ದಿನದ ಮರ್ಜಿ ಇರಬಹುದಲ್ಲ ಅಮ್ಮ?" ವಿಜೇತ್ ಜಯಪಾಲರ ಕಡೆ ತಿರುಗಿ ನಕ್ಕ. "ಊರಿಲ್ಲದ, ಮುಖವಿಲ್ಲದ ಜನ. ಅವರು ಹೇಗೆ ಓದ್ತಾರೆ ಅಂತ ಸಾಕ್ಷಿ ಹೇಳುವವರು ಯಾರು?"

ಜಯಪಾಲರು ತಲೆದೂಗಿ ಪೆನ್ನು ತೆಗೆದರು. ದೊಡ್ಡಮ್ಮ ದಿಂಬನ್ನು ಪಕ್ಕಕ್ಕೆ ಸರಿಸಿದರು. ನನ್ನ ಕಡೆ ನೋಡಲಿಲ್ಲ; ಬೆಳಿಗ್ಗೆ ಪೆನ್ಸಿಲು ಹೆಕ್ಕಿಕೊಟ್ಟಾಗಿನಂತೆಯೇ ಬೇರೆಲ್ಲೋ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಹೇಳುವುದನ್ನು ನನಗೇ ಬಿಟ್ಟಿದ್ದರು.

ನಾನು ಎದ್ದಾಗ ಬೆಂಚು ಕಿರುಗುಟ್ಟಿತು. ಎಲ್ಲರೂ ತಿರುಗಿ ನೋಡಿದರು.

"ಮಿಂಚುಳ್ಳಿ ನಾನು," ಎಂದೆ. "ನಾನು ಯಾವತ್ತೂ ಕೊನೆಯಿಂದಲೇ ಓದುವುದು."