ಅವನು ಮಾರಿದ್ದು ಷೇರು ಮಾತ್ರ

"ಎಲ್ಲಾ ಮಾರ್ಬಿಡು ಸಿಂಧು. ಒಂದೂ ಉಳಿಸ್ಬೇಡ."

ಮೌಸಿನ ಮೇಲಿದ್ದ ಸಿಂಧುವಿನ ಬೆರಳು ಹಾಗೇ ನಿಂತಿತು. ದೊಡ್ಡಬಳ್ಳಾಪುರದ ಆ ಪುಟ್ಟ ಷೇರು ಆಫೀಸಿನಲ್ಲಿ ಜನರ ಷೇರು ಕೊಂಡು, ಮಾರಿಕೊಡುವುದೇ ಅವಳ ಕೆಲಸ.

"ಶುಭ್ರಾ ಪಂಪ್ಸಾ? ಏರ್ತಾ ಇದೆ ಕಣೋ! ಯಾಕೆ?"

"ಕೇಳ್ಬೇಡ, ಪ್ಲೀಸ್..." ಸುನಿಲ್‌ಕುಮಾರ್ ಅವಳ ಕಣ್ಣು ತಪ್ಪಿಸಿದ.

ಇಬ್ಬರೂ ಕೂತು ಆರಿಸಿದ್ದ ಮೊದಲ ಷೇರು ಅದು! ತೂಬಗೆರೆ ಹುಡುಗ, ರಾಜಘಟ್ಟದ ಹುಡುಗಿ, ಒಂದೇ ದಿನ, ಒಂದೇ ಕಂಪನಿ. ಅವತ್ತು ಅವನು ಟೀವಿ ಪಂಡಿತರ ಗೊಗ್ಗರು ದನಿ ತೆಗೆದು, "ವೀಕ್ಷಕರೇ, ದೀರ್ಘಾವಧಿಗೆ ಇಟ್ಕೊಳ್ಳಿ... ಷೇರನ್ನೂ, ಈ ಹುಡುಗನನ್ನೂ!" ಅಂದಿದ್ದ. ಅವನ ಪ್ರೇಮ ನಿವೇದನೆ ಅಂದರೆ ಅಷ್ಟೇ.

ಈಗ?

ಸಹಿ ಹಾಕಿ ಹೊರಗೆ ಹೋದ. ರಸ್ತೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಒಬ್ಬಳು ಸ್ಕೂಟರ್ ಮೇಲೆ ಕಾಯುತ್ತಿದ್ದಳು. ಇವನು ಹಿಂದೆ ಹತ್ತಿ ಕೂತೇಬಿಟ್ಟ!

"ಅವ್ನು ಕೆಲಸ ಮಾಡೋ ಆಡಿಟರ್ ಆಫೀಸಿಗೆ ಹೊಸದಾಗಿ ಬಂದಿರೋ ಸೀನಿಯರ್. ರಮ್ಯಶ್ರೀ ಅಂತೆ," ಎಂದಳು ಪಕ್ಕದ ಟೇಬಲ್ಲಿನ ಮಮತ, ಯಾರೂ ಕೇಳದಿದ್ದರೂ.

"ಸುನೀಽಲ್... ಗಟ್ಟಿಯಾಗಿ ಹಿಡ್ಕೊಳ್ಳೀಽ..." ಸ್ಕೂಟರಿನವಳನ್ನು ಅಣಕಿಸುತ್ತಾ ಸಿಂಧು ಮೂಗಿನಲ್ಲೇ ರಾಗ ಎಳೆದಳು.

ಮಮತ ಬಿದ್ದು ಬಿದ್ದು ನಕ್ಕಳು. ಸಿಂಧು ಮಾತ್ರ ಸ್ಕೂಟರ್ ಹೋದ ದಾರಿಯನ್ನೇ ನೋಡುತ್ತಿದ್ದಳು. ಷೇರು ಬಿಟ್ಟವನು ಇನ್ಯಾರನ್ನೋ ಸೇರಿಕೊಂಡನಾ?

ಜನ ಯಾಕೆ ಷೇರು ಮಾರುತ್ತಾರೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಅವಳ ಗಿರಾಕಿಗಳಲ್ಲಿ ಪಿಳ್ಳಣ್ಣ ಮಗಳ ಸೀಮಂತಕ್ಕೆ ಮಾರಿದ್ದರು. ಅಪ್ಪಯ್ಯಣ್ಣ, ಬೀಗರು ಮಾರಿದರು ಅಂತ ಮಾರಿದ್ದರು. ಮುನಿತಾಯಮ್ಮನಂತೂ "ಇದ್ರೆ ನಿದ್ದೇನೇ ಬರಲ್ಲ ಕಣವ್ವಾ" ಅಂತ ಮಾರಿ, ಮನೆಗೆ ಹೋಗಿ ಗೊರಕೆ ಹೊಡೆದಿದ್ದರು. ಒಂದು ಕಂಪನಿಯೂ ಕೆಟ್ಟಿರಲಿಲ್ಲ.

ಸುನಿಲ್ ವಿಷಯದಲ್ಲಿ ಮಾತ್ರ ಆ ಬುದ್ಧಿ ಎಲ್ಲಿ ಹೋಯಿತೋ!

ಮರುದಿನ ಮಾರುಕಟ್ಟೆ ತೆರೆಯುತ್ತಿದ್ದಂತೆ ಸಿಂಧು ತನ್ನ ಶುಭ್ರಾ ಷೇರನ್ನೂ ಮಾರಿದಳು. ಅವನಿಗೆ ಬೇಡದ್ದು ನನಗ್ಯಾಕೆ? ಮಧ್ಯಾಹ್ನಕ್ಕೆ ಬೆಲೆ ಇನ್ನೂ ಏರಿತು... ಹೊಟ್ಟೆಯುರಿಯೂ!

ಅವನ ಫೋನ್ ಎತ್ತಲೇ ಇಲ್ಲ. ವಾರ ಕಳೆದು, ಒಂದು ಸಂಜೆ ಆಫೀಸಿನ ಬಾಗಿಲು ಹಾಕುವಾಗ ಅವನೇ ಎದುರು ನಿಂತಿದ್ದ.

"ಏನಪ್ಪಾ, ಸ್ಕೂಟರ್ ಪಂಕ್ಚರ್ರಾ?"

"ಯಾವ ಸ್ಕೂಟರ್?... ಅಯ್ಯೋ, ರಮ್ಯಶ್ರೀ ಮೇಡಂದಾ? ನಾನು ನಿಜವಾಗ್ಲೂ ಮಾರ್ತೀನಾ ಇಲ್ವಾ ಅಂತ ಕಾವಲಿಗೆ ಬಂದಿದ್ರು ಕಣೇ!"

"ಕಾವಲಾ?"

"ಶುಭ್ರಾ ಪಂಪ್ಸ್ ಲೆಕ್ಕ ಇನ್ಮೇಲೆ ನೋಡೋದು ನಮ್ಮ ಆಫೀಸು. ಯಾರ ಲೆಕ್ಕ ನೋಡ್ತೀವೋ ಅವರ ಷೇರು ನಮ್ಮ ಹತ್ರ ಇರೋ ಹಾಗಿಲ್ಲ. ಆಡಿಟರ್ ಬದಲಾದ್ದನ್ನ ಕಂಪನಿಯವ್ರು ಪ್ರಕಟಿಸೋ ತನಕ ಬಾಯಿ ಬಿಡೋ ಹಾಗೂ ಇಲ್ಲ. ಇವತ್ತು ಪ್ರಕಟಿಸಿದ್ರು, ಓಡಿ ಬಂದೆ."

ಸಿಂಧುವಿಗೆ ಅಳುವೋ ನಗುವೋ... "ಅಷ್ಟೇನಾ?"

"ಅಷ್ಟೇ ಅಲ್ಲ..." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಮ್ಮ ಆಫೀಸ್ ರೂಲ್ಸು... ಹೆಂಡತಿ ಹೆಸರಲ್ಲೂ ಇರಬಾರದಂತೆ. ಅಮ್ಮ ಭಾನುವಾರ ನಿಮ್ಮನೆಗೆ ಬರ್ತೀನಿ ಅಂತಿದ್ದಾರೆ. ಆ ಷೇರು ಅಂದ್ರೆ ನಿಂಗೆ ಪ್ರಾಣ, ಗೊತ್ತು. ನಂಗೋಸ್ಕರ... ಮಾರ್ತೀಯಾ?"

ಅವಳು ನೆಲ ನೋಡಿದಳು. "ಮಾರಾಯ್ತು."

"ಹಾಂ! ಯಾಕೆ?"

"ಹೊಟ್ಟೆಕಿಚ್ಚಿಗೆ ಕಣೋ!"

ಅವನು ನಕ್ಕ ಸದ್ದಿಗೆ ಎದುರಂಗಡಿಯವರು ತಿರುಗಿ ನೋಡಿದರು.

"ಇನ್ನೂ ಉರೀತಿದೆಯಾ?"

"ಸ್ವಲ್ಪ. ನಾಳೆಯಿಂದ ಬಸ್ಸಲ್ಲಿ ಓಡಾಡು."

"ಆಗ್ಲಿ. ಭಾನುವಾರ ಅಮ್ಮಂಗೆ ಏನು ಹೇಳ್ಲಿ?"

"ನೀನೇನೂ ಹೇಳ್ಬೇಡ. ಅತ್ತೆ ಬರ್ಲಿ, ನಾನೇ ಹೇಳ್ತೀನಿ."

ತಾನು ಏನಂದೆ ಅಂತ ಅವಳಿಗೆ ಹೊಳೆದದ್ದು, ಅವನ ಮುಖ ಅರಳಿದ ಮೇಲೆ.

"ಯಾರು ಬರ್ಲಿ ಅಂದೆ? ಇನ್ನೊಂದ್ಸಲ ಹೇಳು..."

"ಹೋಗೋ!" ಅಂದಳು ಸಿಂಧು, ಅವನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು.