ಕೋಟೆಯ ದಿಕ್ಸೂಚಿ

ಕೋಟೆಯ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಹಳೆಯ ಕಾಲದ ನಾವಿಕನೊಬ್ಬನ ಹಿತ್ತಾಳೆ ದಿಕ್ಸೂಚಿ ಮಾಯವಾಗಿತ್ತು.

"ಕೊನೆಗೆ ಈ ಕೋಣೆಯಿಂದ ಹೊರಗೆ ಬಂದವರು ಇವರೇ!" ಗೈಡ್ ಬೆರಳು ತೋರಿಸಿದ.

ತೋರಿಸಿದ್ದು ಟೀಚರ್ ಕಡೆಗೆ. ಅವಳ ಮುಖ ಬಿಳಚಿಕೊಂಡಿತು. ಅಂಗಳದ ತುಂಬ ಪ್ರವಾಸಿಗರು ನೆರೆದರು.

ಟೀಚರ್ ಪಕ್ಕದಲ್ಲಿದ್ದ ಗೆಳತಿ ಇನ್‌ಸ್ಪೆಕ್ಟರ್‌ಗೆ ರೇಗಿತು. ಸಿಕ್ಕಿದ್ದೇ ಒಂದು ರಜೆ. ಅವಳು, ಟೀಚರ್, ದಪ್ಪಿ, ಮೂವರು ಬಾಲ್ಯದ ಗೆಳತಿಯರು ಸಮುದ್ರದಂಡೆಯ ಈ ಹಳೆಯ ಊರನ್ನು ಆರಾಮಾಗಿ ಸುತ್ತಲು ಬಂದಿದ್ದರು. ಬೆಳಿಗ್ಗೆ ಕೋಟೆಗೋಡೆಯ ಮೇಲೆ ಗೈಡ್‌ನ ಉದ್ದನೆಯ ನಾವಿಕರ ಕೋಟು ಗಾಳಿಗೆ ಹಾರಿ ದಪ್ಪಿಯ ಐಸ್‌ಕ್ರೀಮ್ ಕೆಡವಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಈಗ ಯಾರಿಗೂ ನಗು ಬರಲಿಲ್ಲ.

"ಹಿಂದೆ ಯಾಕೆ ಉಳಿದ್ರಿ?" ಮ್ಯೂಸಿಯಂ ಮೇಲ್ವಿಚಾರಕ ಗದರಿದ.

"ಫಲಕ ಓದ್ತಿದ್ದೆ ಸಾರ್."

"ಅವಳು ಔಷಧಿ ಬಾಟಲಿ ಮೇಲಿನ ಚೀಟಿನೂ ಬಿಡಲ್ಲ ಸಾರ್," ಎಂದಳು ದಪ್ಪಿ.

ಇನ್‌ಸ್ಪೆಕ್ಟರ್ ತನ್ನ ಪೊಲೀಸ್ ಗುರುತಿನ ಚೀಟಿ ತೋರಿಸಿದಳು.

"ಗೆಳತಿನ ಗೆಳತಿಯೇ ವಿಚಾರಿಸೋದಾ? ಚೆನ್ನಾಗಿದೆ!" ಗೈಡ್ ಕೊಂಕು ನುಡಿದ.

ಮಾತು ಇನ್‌ಸ್ಪೆಕ್ಟರ್‌ಗೆ ಚುಚ್ಚಿತು. "ಇಲ್ಲಿನ ಠಾಣೆಗೆ ಫೋನ್ ಮಾಡಿ ಸಾರ್. ಅವರು ಬರೋವರೆಗೂ ಯಾರೂ ಹೊರಗೆ ಹೋಗಬಾರದು."

ಟೀಚರ್ ಅವಳ ತೋಳು ಹಿಡಿದಳು. "ಶಾಲೆಗೆ ಗೊತ್ತಾದ್ರೆ ನನ್ನ ಕೆಲಸ ಹೋಯ್ತು ಕಣೇ."

* * *

ಗಾಜಿನ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಬೀಗದಕೈ ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು. ಯಾರು ಬೇಕಾದರೂ ತೆಗೆಯಬಹುದಿತ್ತು. ಟೀಚರ್ ಚೀಲದಲ್ಲಿ ಕೊಡೆ, ಬಾಚಣಿಗೆ, ನೀರಿನ ಬಾಟಲಿ, ಅಷ್ಟೇ.

"ಕಿಟಕಿಯಿಂದ ಕೆಳಗೆ ಎಸೆದಿರ್ತಾರೆ," ಎಂದ ಗೈಡ್.

ಎಲ್ಲರೂ ಕೋಟೆಗೋಡೆ ಹತ್ತಿದರು. ಕೆಳಗೆ ಬಂಡೆಗಳ ನಡುವೆ ಏನೋ ಮಿನುಗಿತು. ಕೋಟೆಯ ಕಾವಲುಗಾರ ಇಳಿದು ಹೋಗಿ ಎತ್ತಿ ತೋರಿಸಿದ. ತಗಡಿನ ಡಬ್ಬಿ ಮುಚ್ಚಳ!

ಗಾಳಿ ಜೋರಾಗಿತ್ತು. ದಪ್ಪಿಯ ದುಪಟ್ಟಾ ಮೇಲ್ವಿಚಾರಕನ ಮುಖಕ್ಕೇ ಬಡಿಯಿತು. ಇನ್‌ಸ್ಪೆಕ್ಟರ್ ಗೈಡ್ ಕಡೆ ತಿರುಗಿದಳು. ಅಲ್ಲೇ ನಿಂತುಬಿಟ್ಟಳು.

"ಕೋಟು ಬಿಚ್ಚಿ."

"ಜೇಬು ನೋಡ್ಕೊಳ್ಳಿ ಮೇಡಂ!" ಅವನು ಎರಡೂ ಜೇಬುಗಳನ್ನು ಹೊರಗೆಳೆದ. ಖಾಲಿ.

ಇನ್‌ಸ್ಪೆಕ್ಟರ್ ಊಹೆ ತಪ್ಪಾದರೆ ಟೀಚರ್ ಮಾತನ್ನು ಇನ್ನು ಯಾರೂ ನಂಬುವುದಿಲ್ಲ. ಆದರೂ ಅವಳು ಮುಂದೆ ಬಾಗಿ ಕೋಟಿನ ಬಲ ಅಂಚನ್ನು ಗಟ್ಟಿಯಾಗಿ ಹಿಡಿದಳು. ಕೈಗೆ ಗಟ್ಟಿ, ದುಂಡನೆಯ ವಸ್ತು ತಾಗಿತು.

ಕೋಟಿನ ಒಳಪದರದ ಹರಿದ ಜಾಗದಿಂದ ದಿಕ್ಸೂಚಿ ಹೊರಬಂತು.

* * *

ಪೊಲೀಸರು ಅಂಗಳಕ್ಕೆ ಬಂದರು.

"ಹೇಗೆ ಗೊತ್ತಾಯ್ತು ಮೇಡಂ?" ಮೇಲ್ವಿಚಾರಕ ಕೇಳಿದ.

"ಬೆಳಿಗ್ಗೆ ಇವನ ಕೋಟು ಎರಡೂ ಕಡೆ ಹಾರ್ತಿತ್ತು. ಆಮೇಲೆ ಗೋಡೆ ಮೇಲೆ ಎಡಗಡೆ ಮಾತ್ರ ಹಾರ್ತಿತ್ತು. ಅಷ್ಟು ಗಾಳೀಲೂ ಬಲಗಡೆ ನೆಟ್ಟಗೆ ಇಳಿಬಿದ್ದಿತ್ತು ಅಂದ್ರೆ, ಒಳಗೆ ಭಾರ ಇರಲೇಬೇಕು. ಆಗಲೇ ನೆನಪಾಯ್ತು, ನಾವೆಲ್ಲ ಅಂಗಳಕ್ಕೆ ಬಂದ್ಮೇಲೆ ದೀಪ ಆರಿಸ್ತೀನಿ ಅಂತ ವಾಪಸ್ ಹೋಗಿದ್ದು ಇವನೇ. ಕೊನೆಗೆ ಕೋಣೆಯಿಂದ ಬಂದವಳು ಟೀಚರ್ ಅಲ್ಲ."

ಗೈಡ್ ತಲೆ ತಗ್ಗಿಸಿದ. ಪೊಲೀಸರು ಅವನನ್ನು ಜೀಪು ಹತ್ತಿಸಿದರು.

ಮೇಲ್ವಿಚಾರಕ ಟೀಚರ್ ಹತ್ತಿರ ಬಂದು ಮೆಲ್ಲಗೆ, "ಕ್ಷಮಿಸಿಬಿಡಿ ಮೇಡಂ," ಎಂದ.

"ಗದರಿದ್ದು ಎಲ್ಲರಿಗೂ ಕೇಳಿಸೋ ಹಾಗೆ," ಎಂದಳು ಟೀಚರ್. "ಇದೂ ಹಾಗೇ ಕೇಳಿಸಲಿ ಸಾರ್."

ಅವನು ಮೆಟ್ಟಿಲ ಮೇಲೆ ನಿಂತು, ಇಡೀ ಅಂಗಳಕ್ಕೆ ಕೇಳುವಂತೆ ಕ್ಷಮೆ ಕೇಳಿದ. ಮೊದಲು ಚಪ್ಪಾಳೆ ತಟ್ಟಿದವಳು ದಪ್ಪಿ. ಆಮೇಲೆ ಎಲ್ಲರೂ ತಟ್ಟಿದರು. ಆ ಸದ್ದಿನ ನಡುವೆ ಟೀಚರ್ ತಲೆಯೆತ್ತಿ ಕೋಟೆಯ ಹೆಬ್ಬಾಗಿಲು ದಾಟಿದಳು.