ಸೋರೆಬುರುಡೆಯ ಗಂಟು

ನಾನು ಕಂಡಷ್ಟನ್ನೇ ಬರೆಯುತ್ತೇನೆ. ಜುಗೂಳದ ಕಸ್ತೂರೆವ್ವನ ತಾಯಿ ಕೈತುಂಬ ಬಳೆಯಿದ್ದ ಮುತ್ತೈದೆಯಾಗಿಯೇ ಕೃಷ್ಣಾ ಹೊಳೆಯಲ್ಲಿ ನಾವೆ ಮಗುಚಿ ತೀರಿಕೊಂಡವಳು. ಅಂದಿನಿಂದ ಕಸ್ತೂರೆವ್ವ ನಾವೆ ಹತ್ತಿದವಳಲ್ಲ. 1987ರಲ್ಲಿ ಆಚೆ ದಡಕ್ಕೆ ಕೊಟ್ಟ ಮಗಳು ಎರಡನೇ ಬಸಿರಾದಳು, ಅತ್ತೆಯಿಲ್ಲದ ಮನೆ. ನಲವತ್ತೈದರ ಕಸ್ತೂರೆವ್ವ ನಮ್ಮ ಬಾವಿಗೆ ಬಂದು, "ಅಕ್ಕಾ, ಈಸಾಕ ಕಲಸು. ಈಸು ಬಂದ್ರ ನಾವಿ ಹತ್ತೂ ಧೈರ್ಯ ಬರತೈತಿ. ಬಾಣಂತನಕ್ಕ ನಾನ ಹೋಗಬೇಕ" ಎಂದಳು.

"ಹೊಳಿ ದಂಡಿ ಹೆಣಮಗಳು, ಈಗ ಎಚ್ಚರಾತೇನ ಬೇ?" ಎಂದು ನಕ್ಕೆ.

ತೇಲಲೆಂದು ಅವಳ ನಡುವಿಗೆ ಒಣ ಸೋರೆಬುರುಡೆಯನ್ನು ಹುರಿಯಿಂದ ಕಟ್ಟಿ, ನೀರಿಗಿಳಿದು ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎಂಟು ದಿನ ಕಲಿಸಿದೆ. ಗಡಗಡ ನಡುಗುತ್ತಲೇ ದಿನವೂ ಇಳಿದಳು. ಅಂಥ ಗಟ್ಟಿ ಜೀವವನ್ನು ನಾನು ಕಂಡಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅವಳು ನೀರಿಗಿಳಿದಾಗ, ಅವಳಿಗೆ ಹೇಳದೆ ನಾನು ಮೆಟ್ಟಿಲ ಮೇಲೆಯೇ ಕುಳಿತೆ. ನಾವಿಬ್ಬರೂ ಗಂಡ ಸತ್ತವರು, ಕೈಯಲ್ಲಿ ಬಳೆಯಿಲ್ಲ. ಆದರೂ ನೀರಿನೊಳಗಿಂದ ಬಳೆಗಳ ಸಪ್ಪಳ ಬಂತು. ನಡುಬಾವಿಯಿಂದ ಅವಳು ಕೂಗಿದಳು, "ಅಕ್ಕಾ, ಕೈ ತಗೀಬ್ಯಾಡ!"

ನನ್ನ ಕೈ ಒದ್ದೆಯೇ ಆಗಿರಲಿಲ್ಲ. ನಾನು ಮೆಟ್ಟಿಲ ಮೇಲಿದ್ದೇನೆಂದರೆ ಅಲ್ಲೇ ಮುಳುಗುತ್ತಾಳೆಂದು ಹೆದರಿ, "ತಗಿಯಂಗಿಲ್ಲ, ಈಸು!" ಎಂದೆ. ಆಚೆ ಗೋಡೆ ಮುಟ್ಟಿ ತಿರುಗಿ ಬಂದಳು. ಹುರಿ ಬಿಚ್ಚಲು ಮುಟ್ಟಿದರೆ ಮೈಯೆಲ್ಲ ತಣ್ಣಗೆ ಕೊರೆಯುತ್ತಿತ್ತು. ಹೊಟ್ಟೆಯ ಮೇಲೆ ಮಾತ್ರ ಅಂಗೈಯಗಲ ಬೆಚ್ಚಗಿತ್ತು. ಗಂಟು ಬಿಚ್ಚಲಾಗಲಿಲ್ಲ, ಕುಡುಗೋಲಿನಿಂದ ಹುರಿ ಕೊಯ್ದೆ.

ಆ ಮಳೆಗಾಲ ಕಸ್ತೂರೆವ್ವ ತುಂಬಿದ ಹೊಳೆಯಲ್ಲಿ, ನಾವೆಯ ಮುಂದಿನ ತುದಿಗೇ ಕುಳಿತು ಹೋದಳು. ಮೊಮ್ಮಗಳನ್ನು ತನ್ನ ಕೈಯಾರೆ ಎತ್ತಿಕೊಂಡಳು.

ಆ ಹುರಿ ಇನ್ನೂ ನನ್ನ ಟ್ರಂಕಿನಲ್ಲಿದೆ. ನಾನು ಹಾಕಿದ್ದು ಒಂದೇ ಗಂಟು. ಅದರಲ್ಲಿ ಎರಡಿವೆ.